ಬೆಂಗಳೂರಿನ ಸೊಪ್ಪಿನ ತೋಟಗಳು

ನಮ್ಮ ನಾಡಿನ ಶಾಸನಗಳಲ್ಲಿ ಗದ್ದೆಯ ಮಾತುಂಟು, ಬೆದ್ದಲಿನ ಮಾತುಂಟು. ಅಡಕೆ, ತೆಂಗು, ವೀಳೆಯದೆಲೆಗಳ ತೋಟಗಳಿಗೆ ಹಾಕಿದ ಎಲ್ಲೆಕಟ್ಟುಗಳ ವಿವರವುಂಟು. ದಾನವಿತ್ತ ಅರಸನ ಬಿರುದುಗಳೂ, ದಾನವನ್ನು ಪಡೆದ ದೇವಾಲಯದ ಹೆಸರೂ, ಬಿತ್ತತಕ್ಕ ಬತ್ತದ ಅಳತೆಯೂ ಕಲ್ಲಿನ ಮೇಲೆ ಸ್ಥಿರವಾಗಿ ನಿಂತಿರುವುವು. ಆದರೆ ಬಡವ ಬಲ್ಲಿದರೆನ್ನದೆ ಎಲ್ಲರ ಊಟದೆಲೆಯ ಮೇಲೂ ದಿನದಿನವೂ ಬೀಳುವ ಸೊಪ್ಪಿನ ಮಾತು ಅಲ್ಲಿ ಅಪೂರ್ವ. ಇದಕ್ಕೆ ಕಾರಣವನ್ನು ಬಹಳ ದೂರ ಹುಡುಕಬೇಕಾಗಿಲ್ಲ. ಬತ್ತವನ್ನು ಕಣಜದಲ್ಲಿ ಕೂಡಿಡಬಹುದು. ಅಡಕೆಯನ್ನು ಎತ್ತಿನ ಮೇಲೆ ಹೇರಿ ದೂರದ ಸಂತೆಗೆ ಕಳುಹಬಹುದು. ಕೂಡಿಟ್ಟ ವಸ್ತುವಿಗೆ ಲೆಕ್ಕವುಂಟು. ಲೆಕ್ಕವಿದ್ದ ವಸ್ತುವಿಗೆ ಚರಿತ್ರೆಯುಂಟು. ಸೊಪ್ಪಾದರೋ ಬೆಳಗ್ಗೆ ಕಿತ್ತದ್ದು ಸಂಜೆಗೆ ಬಾಡುವುದು. ಒಂದು ದಿನದ ಆಯುಸ್ಸುಳ್ಳ ಪದಾರ್ಥವನ್ನು ಯಾವ ಶಾನುಭೋಗನು ತಾನೆ ಕಡತದಲ್ಲಿ ಬರೆದಿಟ್ಟಾನು?

ಆದರೂ ಸೊಪ್ಪಿನ ಈ ಅಲ್ಪಾಯುಸ್ಸಿನಲ್ಲಿಯೇ ಅದರ ಚರಿತ್ರೆಯ ಬೀಗದ ಕೈ ಅಡಗಿರುವುದು. ಬೇಗನೆ ಬಾಡುವ ಪದಾರ್ಥವನ್ನು ತಿನ್ನುವವರ ಸಮೀಪದಲ್ಲಿಯೇ ಬೆಳೆಯಬೇಕು. ತಲೆಯ ಮೇಲೆ ಮಂಕರಿಯನ್ನು ಹೊತ್ತು ಒಂದು ಜಾವದಲ್ಲಿ ನಡೆಯಬಹುದಾದ ದೂರವೇ ಹಿಂದಿನ ಕಾಲದಲ್ಲಿ ಸೊಪ್ಪಿನ ತೋಟಕ್ಕೆ ಎಲ್ಲೆಯಾಗಿದ್ದಿತು. ಆದುದರಿಂದ ಪಟ್ಟಣವು ಹುಟ್ಟಿದಲ್ಲೆಲ್ಲ ಅದರ ಅಂಚಿನಲ್ಲಿ ಸೊಪ್ಪಿನ ಮಡಿಗಳು ಹುಟ್ಟಿದುವು. ಪಟ್ಟಣವು ಬೆಳೆದಂತೆ, ಮೊದಲು ಅದರ ಕಾಲಿಗೆ ಸಿಕ್ಕಿದುವೂ ಆ ಮಡಿಗಳೇ. ಯಾವ ಊರು ಸೊಪ್ಪನ್ನು ತಿನ್ನುವುದೋ ಆ ಊರೇ ಸೊಪ್ಪಿನ ನೆಲವನ್ನೂ ತಿನ್ನುವುದು. ಈ ಮಾತಿಗೆ ಬೆಂಗಳೂರಿಗಿಂತ ಒಳ್ಳೆಯ ನಿದರ್ಶನವು ಕನ್ನಡನಾಡಿನಲ್ಲಿ ದೊರೆಯಲಾರದು.

ಮೊದಲು ಕಾಲದ ವಿಚಾರವನ್ನು ಹೇಳಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೩,೦೦೦ ಅಡಿ ಎತ್ತರದಲ್ಲಿರುವ ಊರು. ಇಲ್ಲಿ ವರ್ಷದಲ್ಲೆಲ್ಲ ಹೆಚ್ಚಾಗಿ ಮಳೆ ಬೀಳುವುದು ಸೆಪ್ಟೆಂಬರ್ ತಿಂಗಳಿನಲ್ಲಿ. ಉತ್ತರೆ, ಹಸ್ತ, ಚಿತ್ತೆಯ ಮಳೆಗಳು ಸುರಿದು, ಸ್ವಾತಿಯು ಮುಗಿಯುವ ಹೊತ್ತಿಗೆ ಆಕಾಶವು ತಿಳಿಯಾಗುತ್ತ ಬರುವುದು, ಕೆರೆಗಳು ತುಂಬಿರುವುವು, ಬಾವಿಯ ನೀರು ಮೇಲಕ್ಕೆ ಏರಿರುವುದು, ಹಗಲಿನ ಬಿಸಿಲು ಹಿತವಾಗಿ ರಾತ್ರಿಯ ತಂಪು ಹೆಚ್ಚುವುದು. ಕವಿಗಳು ಶರದೃತುವನ್ನು ಬೆಳುದಿಂಗಳಿಗಾಗಿಯೂ ತಾವರೆಗಾಗಿಯೂ ಹೊಗಳಿದರೆ, ತೋಟಗಾರನು ಅದನ್ನು ಮೆಂತೆ ಕೊತ್ತಂಬರಿಗಳಿಗಾಗಿ ಕಾದಿರುವನು. ಬೇಸಗೆಯಲ್ಲಿ ಬಿತ್ತಿದ ಕೊತ್ತಂಬರಿಯು ಎಲೆಯನ್ನು ಬಿಡುವುದಕ್ಕೆ ಮೊದಲೇ ಹೂವಿಗೆ ಅವಸರಪಡುವುದು. ಮಳೆಗಾಲದಲ್ಲಿ ಬಿತ್ತಿದುದು ನೀರು ನಿಂತು ಕೊಳೆಯುವುದು, ಇಲ್ಲವೆ ಹುಳುವಿಗೆ ಆಹಾರವಾಗುವುದು. ಶರತ್ಕಾಲದಲ್ಲಿ ಬಿತ್ತಿದುದು ಮಾತ್ರ ನಿಧಾನವಾಗಿ, ದಟ್ಟವಾಗಿ, ಎಲೆಯೆಲೆಯಾಗಿ ಹರಡುವುದು. ಮೆಂತೆ, ಸಬ್ಬಸಿಗೆ, ಪಾಲಕ್ ಸೊಪ್ಪುಗಳಿಗೂ ಇದೇ ನ್ಯಾಯ. ದಂಟು, ಹರಿವೆಗಳು ಸೆಕೆಯನ್ನು ಸಹಿಸುವ ಜಾತಿಯವಾದುದರಿಂದ ವರ್ಷವಿಡೀ ಬೆಳೆಯುವುವು. ಆದರೆ ಕೆರೆ ಬಾವಿಗಳು ತುಂಬಿದ ಈ ಕಾಲದಲ್ಲಿ ಅವುಗಳಿಗೂ ನೀರಿನ ಚಿಂತೆಯಿಲ್ಲ.

ಈ ಋತುಭೇದವನ್ನು ನಮ್ಮ ಹಿರಿಯರು ಆಚಾರದಲ್ಲಿಯೂ ಹೆಣೆದಿದ್ದರು. ಚಾತುರ್ಮಾಸ್ಯದ ಮೊದಲನೆಯ ತಿಂಗಳು, ಎಂದರೆ ಆಷಾಢ ಶುದ್ಧ ದ್ವಾದಶಿಯ ಸುಮಾರಿನಿಂದ ಶ್ರಾವಣದವರೆಗೆ, ಶಾಕವ್ರತವೆಂದು ಕರೆಯಿಸಿಕೊಳ್ಳುವುದು; ವ್ರತಸ್ಥರು ಆಗ ಸೊಪ್ಪು ತರಕಾರಿಗಳನ್ನು ಮುಟ್ಟರು. ಮಳೆಯಲ್ಲಿ ಸೊಪ್ಪಿಗೆ ಹುಳುವಿನ ಬಾಧೆ ಹೆಚ್ಚೆಂಬುದನ್ನು ನೆನೆದರೆ ಈ ಕಟ್ಟಳೆಯ ಹಿಂದಿನ ವಿವೇಕವು ತಿಳಿಯುವುದು. ಕಾರ್ತಿಕದ ಉತ್ಥಾನದ್ವಾದಶಿಗೆ ಚಾತುರ್ಮಾಸ್ಯವು ಮುಗಿಯುವಾಗ ತೋಟವು ಹಸುರಿನಿಂದ ತುಂಬಿರುವುದು. ಉತ್ತರದಲ್ಲಿ ಬಾದಾಮಿಯ ಬಳಿಯ ಬನಶಂಕರಿಯು ಶಾಕಂಭರಿಯೆಂದೇ ಪ್ರಸಿದ್ಧಳು. ಬರಗಾಲದಲ್ಲಿ ತನ್ನ ದೇಹದಿಂದಲೇ ಶಾಕಗಳನ್ನು ಹುಟ್ಟಿಸಿ ಲೋಕವನ್ನು ಸಾಕಿದ ದೇವಿಯೆಂದು ಪುರಾಣವು ಹೇಳುವುದು. ಪುಷ್ಯದ ಹುಣ್ಣಿಮೆಯಲ್ಲಿ ನಡೆಯುವ ಆಕೆಯ ಜಾತ್ರೆಗೆ ಮುನ್ನ ೧೦೮ ಬಗೆಯ ಶಾಕಗಳನ್ನು ನಿವೇದಿಸುವ ಪಲ್ಲೇದ ಹಬ್ಬವು ಆಚರಿತವಾಗುವುದು. ಶರತ್ಕಾಲದಲ್ಲಿ ಬಿತ್ತಿದುದರ ಫಲವನ್ನು ದೇವತೆಯ ಮುಂದಿಡುವ ಹಬ್ಬವಿದು.

ಗ್ರಂಥಗಳ ಸಾಕ್ಷ್ಯವೂ ಇಲ್ಲದೆ ಇಲ್ಲ. ಕಲ್ಯಾಣದ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ಕ್ರಿ.ಶ. ೧೦೨೫ರ ಸುಮಾರಿನಲ್ಲಿ ರಚಿಸಿದ ‘ಲೋಕೋಪಕಾರ’ವು ಕನ್ನಡದಲ್ಲಿ ಗೃಹಸ್ಥನಿಗೆ ಬೇಕಾದ ವಿದ್ಯೆಗಳನ್ನೆಲ್ಲ ಒಂದೆಡೆ ಕೂಡಿಸಿದ ಗ್ರಂಥ. ಅದರಲ್ಲಿ ನೆಲದೊಳಗಿನ ನೀರನ್ನು ಕಂಡುಹಿಡಿಯುವ ವಿಧಾನವುಂಟು, ಗಿಡಮರಗಳ ಆರೈಕೆಯ ವೃಕ್ಷಾಯುರ್ವೇದವುಂಟು, ಅಡಿಗೆಯ ಸೂಪಶಾಸ್ತ್ರವೂ ಉಂಟು. ನೀರು, ಗಿಡ, ಅಡಿಗೆ: ಈ ಮೂರನ್ನು ಒಂದೇ ಗ್ರಂಥದೊಳಗೆ ಇರಿಸಿದುದು ಅರ್ಥವತ್ತಾದುದು, ಏಕೆಂದರೆ ಸೊಪ್ಪಿನ ತೋಟವೆಂಬುದು ಈ ಮೂರೂ ಸೇರುವ ಸ್ಥಳವೇ ಆಗಿದೆ. ಅದೇ ವಂಶದ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣವು ಅರಮನೆಯ ಭೋಜನವನ್ನು ವಿಸ್ತಾರವಾಗಿ ವರ್ಣಿಸುವುದು. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ರಚಿಸಿದ ‘ಸೂಪಶಾಸ್ತ್ರ’ದಲ್ಲಿ ಬದನೆ, ಬಾಳೆ, ಹಲಸುಗಳ ಪಾಕಗಳಿಗೆ ದೊಡ್ಡ ಸ್ಥಾನವು ದೊರೆತಿರುವುದು. ಅದೇ ಕಾಲದಲ್ಲಿ, ೧೫೨೦ರ ಸುಮಾರಿಗೆ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ಅಲ್ಲಿನ ಪೇಟೆಯಲ್ಲಿ ನಿಂಬೆ, ಕಿತ್ತಳೆ, ಬದನೆ ಮುಂತಾದ ತೋಟದ ಪದಾರ್ಥಗಳ ರಾಶಿಗಳನ್ನು ಕಂಡು ಬೆರಗಾದನು. ಹಣ್ಣು ಕಾಯಿಗಳು ಹೀಗೆ ಕವಿಯ ಕಣ್ಣಿಗೂ ಪ್ರವಾಸಿಯ ಕಣ್ಣಿಗೂ ಬಿದ್ದುವು. ಸೊಪ್ಪಿನ ಕಟ್ಟು ಮಾತ್ರ ಆ ರಾಶಿಗಳ ಪಕ್ಕದಲ್ಲಿ ಹೆಸರಿಲ್ಲದೆ ಕುಳಿತಿದ್ದಿತು.

ಇನ್ನು ಬೆಂಗಳೂರಿಗೆ ಬರೋಣ. ಕೆಂಪೇಗೌಡನು ೧೫೩೭ರಲ್ಲಿ ಮಣ್ಣಿನ ಕೋಟೆಯನ್ನು ಕಟ್ಟಿ ಪೇಟೆಯನ್ನು ನಿರ್ಮಿಸಿದಾಗ ಅವನ ಮುಂದಿದ್ದ ಮೊದಲನೆಯ ಪ್ರಶ್ನೆ ನೀರಿನದು. ಇಲ್ಲಿ ದೊಡ್ಡ ನದಿಯಿಲ್ಲ; ಆದರೆ ದಿಣ್ಣೆಗಳ ನಡುವೆ ತಗ್ಗುಗಳುಂಟು. ಅವನೂ ಅವನ ವಂಶದವರೂ ಆ ತಗ್ಗುಗಳಿಗೆ ಏರಿಗಳನ್ನು ಕಟ್ಟಿಸಿ ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಮೊದಲಾದ ಕೆರೆಗಳನ್ನು ಮಾಡಿಸಿದರು. ಕೆರೆಯ ಏರಿಯ ಕೆಳಗೆ ಗದ್ದೆ, ಗದ್ದೆಯ ಮಗ್ಗುಲಲ್ಲಿ ಬಾವಿ, ಬಾವಿಯ ಸುತ್ತಲೂ ತರಕಾರಿಯ ಮಡಿಗಳು: ಇದೇ ಪೇಟೆಯ ಸುತ್ತಲಿನ ಭೂಮಿಯ ವಿನ್ಯಾಸ. ಪೇಟೆಯೂ ತೋಟವೂ ಒಂದಕ್ಕೊಂದು ಸಾಲಗಾರರಾಗಿದ್ದುವು. ಪೇಟೆಯ ಕೊಟ್ಟಿಗೆಗಳ ಗೊಬ್ಬರವೂ, ಒಲೆಗಳ ಬೂದಿಯೂ, ಬೀದಿಯ ಕಸವೂ ತೋಟಕ್ಕೆ ಹೋಗುವುವು. ತೋಟದಿಂದ ಸೊಪ್ಪು ಪೇಟೆಗೆ ಬರುವುದು. ಇಂದಿನವರು ಕಸದ ವಿಲೇವಾರಿಯೆಂದು ಕರೆಯುವ ದೊಡ್ಡ ಸಮಸ್ಯೆಯು ಅಂದು ಸಮಸ್ಯೆಯೇ ಆಗಿರಲಿಲ್ಲ. ಅದು ಮೆಂತೆಯ ಮಡಿಗೆ ಹಾಕುವ ಎರುವಾಗಿದ್ದಿತು.

ಈ ತೋಟಗಳಲ್ಲಿ ದುಡಿದವರಲ್ಲಿ ಮುಖ್ಯರು ತಿಗಳ ಜನಾಂಗದವರು. ವಹ್ನಿಕುಲ ಕ್ಷತ್ರಿಯರೆಂದು ಕರೆದುಕೊಳ್ಳುವ ಇವರು ಚೈತ್ರ ಪೌರ್ಣಮಿಯಂದು ನಡೆಸುವ ಕರಗದಿಂದ ಲೋಕಪ್ರಸಿದ್ಧರು. ಅವರ ಆರಾಧ್ಯಸ್ಥಾನವಾದ ಧರ್ಮರಾಯನ ಗುಡಿಯು ಇಂದಿಗೂ ತಿಗಳರಪೇಟೆಯಲ್ಲಿರುವುದು. ಲಾಲ್‌ಬಾಗಿನ ಕೆಲಸಕ್ಕೆಂದು ಹೈದರಾಲಿಯು ಇವರನ್ನು ಕರೆತಂದನೆಂಬುದು ಒಂದು ಪ್ರತೀತಿ. ಬಿ. ಎಲ್. ರೈಸ್ ಮಹಾಶಯರ ಮೈಸೂರು ಗೆಜೆಟಿಯರಿನಲ್ಲಿಯೂ ಇವರು ಅಡಿಗೆಯ ತೋಟದ ಕೆಲಸಗಾರರೆಂದೇ ಗುರುತಿಸಲ್ಪಟ್ಟಿರುವರು. ಕರಗದ ಆಚರಣೆಗೆ ಸಂಪಂಗಿ ಕೆರೆಯ ನೀರಿನೊಡನೆ ಇರುವ ಸಂಬಂಧವನ್ನು ಗಮನಿಸಿದರೆ, ಇವರ ದೇವರೂ, ದುಡಿಮೆಯೂ, ಕೆರೆಯೂ ಒಂದೇ ಸೂತ್ರದಲ್ಲಿ ಪೋಣಿಸಲ್ಪಟ್ಟಿದ್ದುವೆಂಬುದು ಗೊತ್ತಾಗುವುದು.

ಇವರ ವಿದ್ಯೆಯನ್ನು ಕೀಳೆಂದು ತಿಳಿಯತಕ್ಕುದಲ್ಲ. ಸೊಪ್ಪಿನ ಮಡಿಯನ್ನು ಮಾಡುವುದರಲ್ಲಿ ಮೊದಲನೆಯ ಗುಟ್ಟು ನೆಲವನ್ನು ಸಮಮಾಡುವುದು. ಹಾಯಿಸಿದ ನೀರು ಮಡಿಯ ಮೂಲೆಮೂಲೆಗೂ ಮುಟ್ಟಬೇಕು, ಎಲ್ಲಿಯೂ ನಿಲ್ಲಲಾಗದು. ಅಂಗೈಯಗಲದ ತಗ್ಗು ಉಳಿದರೂ ಅಲ್ಲಿಯ ಸಸಿಗಳು ಕೊಳೆಯುವುವು. ದಂಟಿನ ಬೀಜವು ಸಾಸುವೆಗಿಂತಲೂ ಸಣ್ಣದು. ಹಾಗೆಯೇ ಎರಚಿದರೆ ಒಂದೆಡೆ ಒತ್ತಾಗಿ, ಒಂದೆಡೆ ಬರಿದಾಗಿ ಬೀಳುವುದು. ಆದುದರಿಂದ ಅದನ್ನು ನುಣ್ಣನೆಯ ಮರಳಿನಲ್ಲಿಯೋ ಬೂದಿಯಲ್ಲಿಯೋ ಬೆರಸಿ ಕೈಬೀಸಿ ಚೆಲ್ಲುವರು. ಕೊತ್ತಂಬರಿಯ ಒಂದೊಂದು ಕಾಳಿನಲ್ಲಿಯೂ ಎರಡು ಬೀಜಗಳಿರುವುದರಿಂದ ಅದನ್ನು ತಿಕ್ಕಿ ಎರಡು ಬೇಳೆಯಾಗಿ ಮಾಡಿ ಬಿತ್ತುವರು. ಮೆಂತೆಯನ್ನು ಹಿಂದಿನ ರಾತ್ರಿ ನೆನೆಹಾಕುವುದುಂಟು. ಮೆಂತೆಯೂ ಎಳೆಯ ದಂಟೂ ೨೫ರಿಂದ ೩೦ ದಿನಗಳಲ್ಲಿ ಕೀಳುವ ಹದಕ್ಕೆ ಬರುವುವು. ಸಬ್ಬಸಿಗೆ, ಕೊತ್ತಂಬರಿಗಳಿಗೆ ಸುಮಾರು ೪೦ ದಿನ ಬೇಕು. ಪಾಲಕನ್ನು ಬೇರುಸಹಿತ ಕೀಳದೆ ಕೊಯ್ದರೆ ಮತ್ತೆ ಮತ್ತೆ ಚಿಗುರುವುದು. ನವರಾತ್ರಿಯ ಹೊತ್ತಿಗೆ ಬಿತ್ತಲಾರಂಭಿಸಿದ ತೋಟಗಾರನು ಸಂಕ್ರಾಂತಿಯೊಳಗೆ ಒಂದೇ ಮಡಿಯಿಂದ ಮೂರು ಬೆಳೆಗಳನ್ನು ತೆಗೆಯಬಲ್ಲನು. ಎಲ್ಲ ಮಡಿಗಳನ್ನೂ ಒಂದೇ ದಿನ ಬಿತ್ತಿದರೆ ಒಂದೇ ದಿನ ಕೀಳಬೇಕಾಗಿ ಪೇಟೆಯಲ್ಲಿ ಬೆಲೆ ಬೀಳುವುದು. ಅದಕ್ಕಾಗಿ ವಾರಕ್ಕೊಂದರಂತೆ ಸರದಿಯಿಂದ ಬಿತ್ತುವರು. ಈ ಸರದಿಯ ಲೆಕ್ಕವನ್ನು ಯಾವ ಶಾಲೆಯೂ ಕಲಿಸಲಿಲ್ಲ. ತಂದೆಯಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ ಅದು ನಡೆದುಬಂದಿತು. ಗಂಡಸರು ಕಪಿಲೆ ಹೊಡೆದರೆ, ಕಳೆ ಕೀಳುವುದು, ಸೊಪ್ಪು ಕೀಳುವುದು, ತೊಳೆದು ಕಟ್ಟು ಕಟ್ಟುವುದು, ಬುಟ್ಟಿ ಹೊತ್ತು ಬೀದಿಬೀದಿಯಲ್ಲಿ ಮಾರುವುದು ಬಹುಮಟ್ಟಿಗೆ ಹೆಂಗಸರ ಪಾಲಿಗೆ ಬಂದಿದ್ದಿತು. ಬೀಜಕ್ಕೆಂದು ಮಡಿಯ ಮೂಲೆಯಲ್ಲಿ ನಾಲ್ಕು ಒಳ್ಳೆಯ ಗಿಡಗಳನ್ನು ಬಿಟ್ಟು, ತೆನೆ ಬಲಿತ ಮೇಲೆ ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ ಕಾಪಾಡಿದವರೂ ಅವರೇ.

ಹೈದರಾಲಿಯು ೧೭೬೦ರಲ್ಲಿ ಲಾಲ್‌ಬಾಗನ್ನು ಆರಂಭಿಸಿದನು. ಟಿಪ್ಪುವು ಅದನ್ನು ಬೆಳೆಸಿದನು. ಸಾಮಾನ್ಯವಾಗಿ ಇದನ್ನು ಗುಲಾಬಿಯ ತೋಟವೆಂದೂ ದೇಶವಿದೇಶಗಳ ಅಪೂರ್ವ ವೃಕ್ಷಗಳ ತೋಟವೆಂದೂ ಬಣ್ಣಿಸುವರು. ಆದರೆ ಟಿಪ್ಪುವಿನ ಮರಣಾನಂತರ, ೧೮೦೦ರಲ್ಲಿ, ಈ ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನ ವರದಿಯು ಬೇರೊಂದು ಸಂಗತಿಯನ್ನೂ ತಿಳಿಸುವುದು. ಸೈಪ್ರೆಸ್ ಮರಗಳಿಂದ ಅಲಂಕೃತವಾದ ದಾರಿಗಳು ಈ ತೋಟಗಳನ್ನು ಚೌಕಗಳಾಗಿ ಭಾಗಿಸಿದ್ದುವೆಂದೂ, ಆ ಚೌಕಗಳಲ್ಲಿ ಹಣ್ಣಿನ ಮರಗಳೊಡನೆ ಅಡಿಗೆಯ ಸೊಪ್ಪುಸದೆಗಳೂ ತುಂಬಿದ್ದುವೆಂದೂ, ಒಂದೊಂದು ಜಾತಿಗೆ ಒಂದೊಂದು ಚೌಕವೆಂಬ ಕ್ರಮವಿದ್ದಿತೆಂದೂ ಅವನು ಬರೆದಿರುವನು. ನವಾಬನ ಉದ್ಯಾನದಲ್ಲಿಯೂ ಗುಲಾಬಿಯ ಚೌಕದ ಆಚೆ ಸೊಪ್ಪಿನ ಚೌಕವಿದ್ದಿತು! ಈ ತೋಟಗಳ ಮುಖ್ಯವಾದ ಕೊರತೆಯು ನೀರಿನದೆಂಬುದನ್ನೂ ಬುಕಾನನ್ನನು ಗುರುತಿಸಿದನು. ಟಿಪ್ಪುವಿನ ತೋಟಕ್ಕೆ ಮೂರು ಬಾವಿಗಳಿಂದ ಕಪಿಲೆಯ ಮೂಲಕ ನೀರೆತ್ತುತ್ತಿದ್ದರು. ರಾಟೆಯ ಮೇಲೆ ಹಾದ ಹಗ್ಗಕ್ಕೆ ತೊಗಲಿನ ಚೀಲವನ್ನು ಕಟ್ಟಿ, ಜೋಡೆತ್ತುಗಳು ಇಳಿಜಾರಿನಲ್ಲಿ ಇಳಿಯುತ್ತ ಅದನ್ನು ಎಳೆಯುವ ಏರ್ಪಾಡಿದು. ಏತಕ್ಕಿಂತ ಇದೇ ಮೇಲೆಂದು ಅಲ್ಲಿನ ಕೆಲಸಗಾರರು ಅವನಿಗೆ ಹೇಳಿದರು. ಅರಸನ ತೋಟಕ್ಕೂ ತಿಗಳರ ತೋಟಕ್ಕೂ ಈ ವಿಷಯದಲ್ಲಿ ಭೇದವಿರಲಿಲ್ಲ. ಎರಡೂ ಎತ್ತಿನ ಹೆಜ್ಜೆಯಿಂದಲೇ ಹಸುರಾಗಿದ್ದುವು.

೧೮೦೯ರಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣದಲ್ಲಿದ್ದ ತಮ್ಮ ಸೈನ್ಯವನ್ನು ಬೆಂಗಳೂರಿಗೆ ತಂದು ದಂಡನ್ನು ಸ್ಥಾಪಿಸಿದರು. ಇದರಿಂದ ತೋಟಗಾರನಿಗೆ ಹೊಸ ಗಿರಾಕಿಯು ದೊರೆತನು. ಅವನು ಕೇಳುವ ಸೊಪ್ಪೂ ಹೊಸದು. ಎಲೆಕೋಸು, ಲೆಟ್ಯೂಸ್, ಸೆಲೆರಿ, ಪಾರ್ಸ್ಲಿಗಳು ‘ಇಂಗ್ಲಿಷ್ ತರಕಾರಿ’ಯೆಂಬ ಹೆಸರಿನಿಂದ ಶರತ್ಕಾಲದ ಮಡಿಗಳನ್ನು ಸೇರಿದುವು. ‘ಕೋಸು’ ಎಂಬ ಮಾತಿನಲ್ಲಿಯೂ ಕಡಲಾಚೆಯ ಗಾಳಿಯುಂಟು. ಪೋರ್ಚುಗೀಸರು ಆ ಸಸ್ಯವನ್ನು ‘ಕೋವ್’ ಎನ್ನುವರು. ಯೂರೋಪಿನಲ್ಲಿ ಹುಟ್ಟಿದ ಈ ಸಸ್ಯಗಳಿಗೆ ಬೆಂಗಳೂರಿನ ಶರತ್ತು ಹೇಮಂತಗಳು ತಮ್ಮ ತೌರಿನ ಬೇಸಗೆಯಂತೆ ಹಿತವಾದುವು. ಆದರೆ ಇಲ್ಲಿ ಒಂದು ಸೂಕ್ಷ್ಮವಿರುವುದು. ಯೂರೋಪಿನ ಎಲೆಕೋಸು ಮೊದಲನೆಯ ವರ್ಷ ಗೆಡ್ಡೆ ಕಟ್ಟಿ, ಚಳಿಗಾಲದ ಕಠಿನವಾದ ಶೀತವನ್ನು ಅನುಭವಿಸಿದ ಮೇಲೆ, ಎರಡನೆಯ ವರ್ಷದಲ್ಲಿ ಹೂಬಿಟ್ಟು ಬೀಜವಾಗುವುದು. ಬೆಂಗಳೂರಿನ ಚಳಿಯು ಅದಕ್ಕೆ ಸಾಲದು. ಆದುದರಿಂದ ಅದರ ಬೀಜವನ್ನು ಪ್ರತಿವರ್ಷವೂ ಹೊರಗಿನಿಂದ ತರಿಸಬೇಕಾಯಿತು.

ಅಂದಿನಿಂದ ತೋಟದಲ್ಲಿ ಎರಡು ಬಗೆಯ ಸೊಪ್ಪುಗಳಾದುವು: ತೋಟಗಾರನ ಮನೆಯ ಗಡಿಗೆಯಿಂದ ಬೀಜ ಬರುವ ಸೊಪ್ಪು, ಅಂಗಡಿಯಿಂದ ಬೀಜ ಬರುವ ಸೊಪ್ಪು. ಮೊದಲನೆಯದಕ್ಕೆ ಶ್ರಮವೇ ಬಂಡವಾಳ. ಎರಡನೆಯದಕ್ಕೆ ಹಣವೂ ಬೇಕು. ಮೊದಲನೆಯದು ಪೇಟೆಗೆ ಹೋಗುವುದು, ಎರಡನೆಯದು ದಂಡಿಗೆ. ಲಾಲ್‌ಬಾಗು ೧೮೫೬ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಗಿ, ೧೮೭೪ರಲ್ಲಿ ಜಾನ್ ಕ್ಯಾಮರಾನ್ ಅವರೂ, ೧೯೦೮ರಲ್ಲಿ ಕ್ರುಂಬಿಗಲ್ ಅವರೂ ಅದರ ಆಡಳಿತವನ್ನು ವಹಿಸಿಕೊಂಡ ಮೇಲೆ, ಹೊರನಾಡಿನ ಸಸ್ಯಗಳನ್ನು ಪರೀಕ್ಷಿಸಿ ಹರಡುವ ಕಾರ್ಯವು ಶಾಸ್ತ್ರೀಯವಾಗಿ ನಡೆಯಿತು. ಅದರಿಂದ ನಾಡಿಗೆ ಆದ ಉಪಕಾರವು ದೊಡ್ಡದು. ಆದರೆ ಹೊನಗೊನೆ, ಕಿರಕಸಾಲೆ, ಗೋಣಿಸೊಪ್ಪು, ಚಿಲಕರಿವೆಗಳನ್ನು ಕುರಿತು ಯಾರೂ ಹಾಗೆ ಶ್ರಮಪಡಲಿಲ್ಲ. ಅವು ಬಿತ್ತದೆ ಬೆಳೆಯುವುವು. ಮಳೆ ಬಿದ್ದಲ್ಲಿ ಹುಟ್ಟಿ, ಬಡವರ ಮಡಿಲಿಗೆ ಬೆರಕೆಸೊಪ್ಪಾಗಿ ಬಂದು, ಮಸ್ಸೊಪ್ಪಾಗಿ ಮುದ್ದೆಯ ಪಕ್ಕದಲ್ಲಿ ಬೀಳುವುವು. ಅವುಗಳ ಹೆಸರನ್ನು ಬಲ್ಲವರು ಅವನ್ನು ಆಯುವ ಹೆಂಗಸರು ಮಾತ್ರ.

ಸೊಪ್ಪಿನ ತೋಟಗಳ ಚರಿತ್ರೆಯನ್ನು ಎರಡು ಭಾಗವಾಗಿ ಸೀಳಿದ ವರ್ಷವೊಂದನ್ನು ಹೇಳಬೇಕಾದರೆ ೧೮೯೬ನ್ನು ಹೇಳಬೇಕು. ಆ ಸುಮಾರಿನಲ್ಲಿ ಹೆಸರಘಟ್ಟದ ಕೆರೆಯಿಂದ ಕೊಳವೆಗಳ ಮೂಲಕ ಬೆಂಗಳೂರಿಗೆ ನೀರು ಬಂದಿತು. ಊರಿನ ಆರೋಗ್ಯಕ್ಕೆ ಇದು ಅತ್ಯಂತ ಹಿತವಾದ ಏರ್ಪಾಡೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದರ ಇನ್ನೊಂದು ಫಲವನ್ನು ಆಗ ಯಾರೂ ಎಣಿಸಲಿಲ್ಲ. ಅದುವರೆಗೆ ಪೇಟೆಯವನೂ ತೋಟದವನೂ ಒಂದೇ ಕೆರೆಯನ್ನು ನಂಬಿದ್ದರು. ಕೆರೆಯ ಏರಿ ಒಡೆದರೆ ಇಬ್ಬರಿಗೂ ಕೇಡು. ನಲ್ಲಿಯ ನೀರು ಬಂದ ಮೇಲೆ ಪೇಟೆಯವನಿಗೆ ಕೆರೆಯ ಹಂಗು ತಪ್ಪಿತು. ಹಂಗು ತಪ್ಪಿದ ಮೇಲೆ ಕೆರೆಯು ಅವನ ಕಣ್ಣಿಗೆ ಮೊದಲು ಸೊಳ್ಳೆಯ ತವರಾಗಿಯೂ, ಅನಂತರ ಖಾಲಿಯ ನಿವೇಶನವಾಗಿಯೂ ಕಂಡಿತು. ತೋಟಗಾರನೊಬ್ಬನೇ ಕೆರೆಯ ಪಕ್ಷದಲ್ಲಿ ಉಳಿದನು. ಅವನ ಮಾತಿಗೆ ತೂಕವಿರಲಿಲ್ಲ.

೧೮೯೮ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಅದರ ಬಳಿಕ ಬಸವನಗುಡಿ, ಮಲ್ಲೇಶ್ವರಗಳು ಬೇಗಬೇಗನೆ ಬೆಳೆದುವು. ಹೊಲ ತೋಟಗಳ ಮೇಲೆ ಮನೆಗಳು ಎದ್ದುವೆಂಬುದು ನಿಜ. ಆದರೆ ಅಂದಿನ ಮನೆಗಳಿಗೆ ಹಿತ್ತಿಲೆಂಬುದೊಂದು ಉಂಟಾಗಿದ್ದಿತು. ಬಚ್ಚಲಿನ ನೀರು ಹರಿಯುವಲ್ಲಿ ಬಸಳೆಯ ಚಪ್ಪರ, ಬೇಲಿಯ ಮೂಲೆಯಲ್ಲಿ ನುಗ್ಗೆ, ಬಾವಿಕಟ್ಟೆಯ ಬಳಿ ಒಂದೆಲಗ ದೊಡ್ಡಪತ್ರೆಗಳು, ಶರತ್ಕಾಲ ಬಂದಿತೆಂದರೆ ಒಂದು ಮೊಳ ಅಗಲದ ಮೆಂತೆಯ ಪಾತಿ. ಕೆರೆಯ ಕೆಳಗಿನ ತೋಟವು ಕಳೆದುಕೊಂಡ ನೆಲದಲ್ಲಿ ಒಂದಂಶವು ಹೀಗೆ ಹಿತ್ತಿಲಾಗಿ ಉಳಿದುಕೊಂಡಿತೆನ್ನಬಹುದು. ಇದು ಬೆಂಗಳೂರಿನ ಗೃಹಜೀವನದ ಒಂದು ಸೊಗಸಾದ ಘಟ್ಟ.

ಅಷ್ಟರಲ್ಲಿ ವಿಜ್ಞಾನವು ಸೊಪ್ಪಿನ ಪಕ್ಷವನ್ನು ವಹಿಸಿತು. ನೀಲಗಿರಿಯ ಕೂನೂರಿನಲ್ಲಿ ಮೆಕ್ಯಾರಿಸನ್ ಅವರು ಆರಂಭಿಸಿದ ಆಹಾರ ಸಂಶೋಧನೆಯನ್ನು ಐಕ್ರಾಯ್ಡ್ ಅವರು ಮುಂದುವರಿಸಿ, ೧೯೩೭ರಲ್ಲಿ ಭಾರತೀಯ ಆಹಾರಪದಾರ್ಥಗಳ ಸತ್ತ್ವವನ್ನು ಕುರಿತ ಪಟ್ಟಿಯೊಂದನ್ನು ಪ್ರಕಟಿಸಿದರು. ದಂಟು, ನುಗ್ಗೆ, ಕೊತ್ತಂಬರಿ ಮೊದಲಾದ ಅಗ್ಗದ ಸೊಪ್ಪುಗಳು ಕಣ್ಣಿಗೆ ಬೇಕಾದ ಎ ಜೀವಸತ್ತ್ವವನ್ನು ಉಂಟುಮಾಡುವ ದ್ರವ್ಯದಲ್ಲಿಯೂ ಸುಣ್ಣದ ಅಂಶದಲ್ಲಿಯೂ ಬಲು ಸಮೃದ್ಧವೆಂಬುದು ಇಂತಹ ಪರೀಕ್ಷೆಗಳಿಂದ ಸ್ಥಿರಪಟ್ಟಿತು. ನಯಮಾಡಿದ ಅಕ್ಕಿಯನ್ನೇ ನಂಬಿದ ಊಟಕ್ಕೆ ಸೊಪ್ಪು ಎಷ್ಟು ಅಗತ್ಯವೆಂಬುದನ್ನು ವೈದ್ಯರು ಒತ್ತಿ ಹೇಳತೊಡಗಿದರು. ೧೯೪೨ರಲ್ಲಿ ಬರ್ಮಾ ದೇಶವು ಜಪಾನೀಯರ ವಶವಾಗಿ ಅಲ್ಲಿನ ಅಕ್ಕಿ ನಿಂತುಹೋದಾಗ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಚಳವಳಿಯು ದೇಶದಲ್ಲೆಲ್ಲ ಹೊರಟಿತು. ಅಂಗಳದ ಹೂಗಿಡಗಳ ಎಡೆಯಲ್ಲಿ ತರಕಾರಿಗಳಿಗೂ ಅನೇಕರು ಜಾಗ ಕೊಟ್ಟರು.

ಆದರೆ ಊರಿನ ಬೆಳವಣಿಗೆಯು ಈ ಉಪದೇಶಕ್ಕಾಗಿ ನಿಲ್ಲಲಿಲ್ಲ. ೧೯೪೧ರಲ್ಲಿ ಸುಮಾರು ೪ ಲಕ್ಷವಿದ್ದ ಜನಸಂಖ್ಯೆಯು ೧೯೫೧ರೊಳಗೆ ಏಳೂಮುಕ್ಕಾಲು ಲಕ್ಷದಷ್ಟಾಯಿತು. ೨೦೧೧ರ ಜನಗಣತಿಯಲ್ಲಿ ಅದು ೮೪ ಲಕ್ಷವನ್ನು ದಾಟಿತು. ಸಿದ್ದಿಕಟ್ಟೆಯ ಸ್ಥಳದಲ್ಲಿ ೧೯೨೮ರಲ್ಲಿ ಕೃಷ್ಣರಾಜೇಂದ್ರ ಮ್ಯಾರ್ಕೆಟ್ಟು ಎದ್ದಿದ್ದಿತು. ಧರ್ಮಾಂಬುಧಿಯ ಅಂಗಳದಲ್ಲಿ ಈಗ ಕೆಂಪೇಗೌಡ ಬಸ್ ನಿಲ್ದಾಣವಿರುವುದು. ಸಂಪಂಗಿ ಕೆರೆಯ ನೆಲದಲ್ಲಿ ಶ್ರೀ ಕಂಠೀರವ ಕ್ರೀಡಾಂಗಣವಿರುವುದು. ಕರಗದ ವಿಧಿಗಾಗಿ ಒಂದು ಚಿಕ್ಕ ಕೊಳವನ್ನು ಮಾತ್ರ ಅಲ್ಲಿ ಉಳಿಸಿಕೊಂಡಿರುವರು. ಸೊಪ್ಪನ್ನು ಮಾರುವ ಪೇಟೆಯು ಕೆರೆಯ ಮೇಲೆಯೇ ನಿಂತಿತೆಂಬುದರ ವಿಪರ್ಯಾಸವನ್ನು ಬಿಡಿಸಿ ಹೇಳಬೇಕಾದುದಿಲ್ಲ. ತೋಟವು ಹಿಂದೆ ಸರಿಯಿತು, ಊರು ಹಿಂಬಾಲಿಸಿತು, ತೋಟವು ಮತ್ತೂ ಹಿಂದೆ ಸರಿಯಿತು. ಈಗ ಬೆಂಗಳೂರಿನ ಸೊಪ್ಪು ಹೆಚ್ಚಾಗಿ ಆನೇಕಲ್, ಹೊಸಕೋಟೆ, ಮಾಲೂರು, ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಯಿಂದ ನಡುರಾತ್ರಿಯ ವಾಹನಗಳಲ್ಲಿ ಬರುವುದು. ಮಂಕರಿಯ ಕಾಲದ ಎಲ್ಲೆಯನ್ನು ಮೋಟಾರು ಮುರಿದುಹಾಕಿತು. ಹಿತ್ತಿಲುಗಳೂ ಬಹುಮಟ್ಟಿಗೆ ಕಟ್ಟಡಗಳೊಳಗೆ ಕರಗಿಹೋದುವು.

ನೆಲದೊಡನೆ ನೀರಿನ ಸಂಬಂಧವೂ ಕೆಟ್ಟಿತು. ಒಂದು ಕಾಲಕ್ಕೆ ಪೇಟೆಯು ತೋಟಕ್ಕೆ ಗೊಬ್ಬರವನ್ನು ಕೊಡುತ್ತಿದ್ದಿತಷ್ಟೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಕೊಟ್ಟುದು ಸಾಬೂನು, ಬಣ್ಣ, ಕಾರ್ಖಾನೆಯ ತ್ಯಾಜ್ಯಗಳು ಬೆರೆತ ಕೊಳಚೆಯನ್ನು. ವೃಷಭಾವತಿಯಂತಹ ಹೊಳೆಗಳು ಅದನ್ನು ಹೊತ್ತು ಕೆಳಗಿನ ಹಳ್ಳಿಗಳಿಗೆ ಹರಿದುವು; ಬೇರೆ ನೀರು ಕಾಣದ ರೈತರು ಅದನ್ನೇ ಹಾಯಿಸಿದರು. ಭೂಮಿಯಲ್ಲಿ ಸೇರಿದ ಸೀಸ ಮೊದಲಾದ ಭಾರಲೋಹಗಳನ್ನು ಕಾಯಿಗಳಿಗಿಂತ ಎಲೆಗಳು ಹೆಚ್ಚಾಗಿ ಹೀರಿಕೊಳ್ಳುವುವು. ಸೊಪ್ಪಿನ ಗುಣವೇ ಹೀಗೆ: ನೀರಿನಲ್ಲಿ ಸತ್ತ್ವವಿದ್ದರೆ ಸತ್ತ್ವವನ್ನೂ, ವಿಷವಿದ್ದರೆ ವಿಷವನ್ನೂ ಅದು ಮುಚ್ಚುಮರೆಯಿಲ್ಲದೆ ನಮ್ಮ ಎಲೆಗೆ ತಂದು ಬಡಿಸುವುದು. ೨೦೧೮ರಿಂದ ಬೆಂಗಳೂರಿನ ಬಳಕೆಯಾದ ನೀರನ್ನು ಶುದ್ಧೀಕರಿಸಿ, ಕೊಳವೆಗಳ ಮೂಲಕ ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬುವ ಯೋಜನೆಯು ನಡೆದುಬಂದಿರುವುದು. ಒಣಗಿದ ಕೆರೆಗಳು ತುಂಬಿ, ಬಾವಿಗಳ ನೀರು ಏರಿತೆಂಬ ಸಂತೋಷವು ಒಂದು ಕಡೆ. ನೀರನ್ನು ಇನ್ನೂ ಒಂದು ಮಟ್ಟಕ್ಕೆ ಶುದ್ಧಿಮಾಡಬೇಕೆಂಬ ಆಗ್ರಹವು ಇನ್ನೊಂದು ಕಡೆ. ಹೇಗಾದರೂ ಇರಲಿ, ಪೇಟೆಯು ತೋಟಕ್ಕೆ ತೀರಿಸಬೇಕಾದ ಹಳೆಯ ಸಾಲವೇ ಹೊಸ ರೂಪದಲ್ಲಿ ಎದುರು ನಿಂತಿದೆಯೆಂದು ಚರಿತ್ರೆಯನ್ನು ಬಲ್ಲವರು ಗುರುತಿಸದಿರರು.

ಆಶಾದಾಯಕವಾದ ಸಂಗತಿಗಳೂ ಇಲ್ಲದಿಲ್ಲ. ೧೯೬೭ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ನೆಲೆಸಿದುದು ಹೆಸರಘಟ್ಟದಲ್ಲಿಯೇ. ಯಾವ ಊರಿನ ನೀರು ಬಂದು ತೋಟವನ್ನೂ ಪೇಟೆಯನ್ನೂ ಅಗಲಿಸಿತೋ ಅದೇ ಊರಿನಿಂದ ‘ಅರ್ಕ ಸುಗುಣ’, ‘ಅರ್ಕ ಅರುಣಿಮ’ ಎಂಬ ಉತ್ತಮವಾದ ದಂಟಿನ ತಳಿಗಳು ಬಂದಿರುವುವು. ಗೋಣಿಸೊಪ್ಪು, ಹೊನಗೊನೆಗಳ ಗುಣಗಳನ್ನು ವಿದ್ವಾಂಸರು ಪರೀಕ್ಷಿಸುತ್ತಿರುವರು. ಆದರೆ ತಳಿಯ ಹೆಸರು ಗ್ರಂಥದಲ್ಲಿ ಉಳಿಯುವಂತೆ, ಬಿತ್ತುವ ಸರದಿ, ಮಡಿಯ ಸಮ, ಬೆರಕೆಸೊಪ್ಪಿನ ಹತ್ತಾರು ಹೆಸರುಗಳು ಗ್ರಂಥದಲ್ಲಿ ಉಳಿದಿಲ್ಲ. ಅವು ಉಳಿದಿರುವುದು ಬಾಯಿಂದ ಬಾಯಿಗೆ. ಆ ಬಾಯಿಗಳು ಒಂದೊಂದಾಗಿ ಮೌನವನ್ನು ಸೇರುತ್ತಿರುವುವು. ನಮ್ಮ ಜಿಲ್ಲೆಗಳ ಸಾಹಿತ್ಯಸಂಘಗಳು ಹಾಡು, ಗಾದೆ, ಒಗಟುಗಳನ್ನು ಸಂಗ್ರಹಿಸುವಷ್ಟೇ ಶ್ರದ್ಧೆಯಿಂದ ಈ ಹೆಸರುಗಳನ್ನೂ ಸಂಗ್ರಹಿಸಿದರೆ ಅದು ಭಾಷೆಗೂ ಸೇವೆ, ಹೊಟ್ಟೆಗೂ ಸೇವೆ.

ಚರಿತ್ರೆಯಿಂದ ನಾವು ಕಲಿಯತಕ್ಕುದು ಇಷ್ಟು: ಸೊಪ್ಪಿನ ತೋಟವು ಪಟ್ಟಣದ ಹೊರಗಿನ ವಸ್ತುವಲ್ಲ, ಅದು ಪಟ್ಟಣದ ಒಂದು ಅಂಗ. ಕೋಟೆ, ಪೇಟೆ, ಗುಡಿಗಳನ್ನು ಕಟ್ಟಿದವರೇ ಕೆರೆಯನ್ನೂ ಕಟ್ಟಿದರು, ಕೆರೆಯಿದ್ದುದರಿಂದ ಮಡಿಯಿದ್ದಿತು. ಕೋಟೆ ಗುಡಿಗಳನ್ನು ಪ್ರಾಚೀನ ಸ್ಮಾರಕಗಳೆಂದು ಕಾಪಾಡುವ ನಾವು ಮಡಿಯನ್ನು ಬರಿಯ ನಿವೇಶನವೆಂದು ಅಳೆದೆವು. ಕೆರೆಯ ಕೆಳಗಣ ತೋಟಗಳನ್ನು ಮರಳಿ ತರುವುದು ಈಗ ಆಗದ ಮಾತು. ಆದರೆ ಉಳಿದಿರುವ ಕೆರೆಗಳ ನೀರನ್ನು ಶುದ್ಧವಾಗಿಡುವುದೂ, ಊರಂಚಿನ ಬೆಳೆಗಾರನು ನ್ಯಾಯವಾದ ಬೆಲೆಯಿಂದ ಬದುಕುವಂತೆ ನೋಡುವುದೂ, ಮನೆಯ ಮಾಳಿಗೆಯ ಮೇಲಾದರೂ ಒಂದು ಮೆಂತೆಯ ಕುಂಡವನ್ನಿಡುವುದೂ ಆಗದ ಮಾತಲ್ಲ. ಹಸ್ತ ಚಿತ್ತೆಯ ಮಳೆಗಳು ಈಗಲೂ ತಮ್ಮ ಕಾಲಕ್ಕೆ ಬಂದು ಹೋಗುತ್ತಿರುವುವು. ಬಿತ್ತಿದ ಮೂರನೆಯ ದಿನಕ್ಕೆ ಮೊಳಕೆ ಒಡೆಯುವ ಗುಣವನ್ನು ಮೆಂತೆಯೂ ಮರೆತಿಲ್ಲ.